ಹಲ್ಲಿನ ಗುರುತು

ಮೇ ಸೋತ್ ಪೇಟೆಯಲ್ಲಿ ನನ್ನದು
ಟಾರ್ಚು, ಸೆಲ್ಲು, ಸೊಳ್ಳೆ ಬ್ಯಾಟಿನ ಅಂಗಡಿ.
ಹೊಳೆಯಾಚೆ ಬರ್ಮಾ. ನಾನೂ ದಾಟಿ ಬಂದವನೇ.
ಈಗ ದಾಟಿ ಹೋಗುವವರಿಗೆ
ಬೆಳಕು ಮಾರುತ್ತೇನೆ, ಚೌಕಾಸಿಗೆ ಜಾಗ ಬಿಟ್ಟು.

ಅವಳು ಬಂದದ್ದು ನಾನು ಉಣ್ಣುವ ಹೊತ್ತಿಗೆ.
ಕರೆನ್ ಹೆಣ್ಣುಮಗಳು, ಹೆಗಲಲ್ಲಿ ನೇಯ್ದ ಚೀಲ.
ನೋ ಮು ಪೋ ಅಂತ ಹೆಸರು, ಗೊತ್ತಾದದ್ದು ಆಮೇಲೆ, ರಸೀದಿ ಬರೆಯುವಾಗ.
"ತಲೆಗೆ ಕಟ್ಟುವ ದೀಪ ತೋರಿಸಿ, ಊ ಬಾ ಯಿನ್."

ಮಾರುವವನ ಬಾಯಿಗೆ ಬರವೇ?
ಇದು ಸಾವಿರ ಲೂಮೆನ್, ಇದು ಎರಡು ಸಾವಿರ,
ಇದನ್ನು ಹಚ್ಚಿದರೆ ಆಚೆ ದಡದ ಗೂಬೆ ಕಣ್ಣು ಮುಚ್ಚುತ್ತೆ!
"ಅದಕ್ಕೇ ಬೇಡ" ಅಂದಳು.
"ಆಚೆ ದಡಕ್ಕೆ ನಾನು ಕಾಣಬಾರದು.
ನನಗೆ ಒಂದು ಮೊಳ ಕಂಡರೆ ಸಾಕು."

ಚಾರ್ಜು ಮಾಡುವ ದೀಪ ಕೊಟ್ಟೆ.
"ಪ್ಲಗ್ಗು ಯಾವ ಮರದಲ್ಲಿ ಬಿಡುತ್ತೆ?" ಅಂತ ನಕ್ಕಳು.
ಆಮೇಲೆ, ಕೇಳದೆ ಕೇಳದೆ,
ನನ್ನ ತಟ್ಟೆಯ ಮೀನುಸಾರಿನ ಎಣ್ಣೆಗೆ ಬೆರಳದ್ದಿ
ಒಂದೊಂದೇ ದೀಪದ ಗುಂಡಿ ಒತ್ತಿದಳು.
ಬೆರಳು ಜಾರಿದ್ದನ್ನೆಲ್ಲ ಪಕ್ಕಕ್ಕಿಟ್ಟಳು.
ಬಿಳಿ ಮಿನುಗಿ ಆಮೇಲೆ ಕೆಂಪಾಗುವುದನ್ನೂ ಇಟ್ಟಳು:
"ಆ ಒಂದು ಮಿಣುಕು ಸಾಕು, ಮೇಲೆ ಹಾರುವವರಿಗೆ."

ಹಾಗಾದರೆ ಬರೀ ಕೆಂಪಿನದು ತಗೊಳ್ಳಮ್ಮ,
ಸಿಪಾಯಿಗಳೆಲ್ಲ ಅದನ್ನೇ ಒಯ್ಯುವುದು, ಅಂದೆ.
ಅವಳು ನನ್ನ ಬಾಯಿ ನೋಡಿದಳು.
"ಎಲೆ ಅಡಿಕೆ ಜಗಿಯುತ್ತೀರಲ್ಲ, ಇಲ್ಲಿ ಉಗಿಯಿರಿ."
ಮುಂದೆ ಹಿಡಿದದ್ದು ನನ್ನದೇ ರಸೀದಿ ಹಾಳೆ.
ಹಿರಿಯ ನಾನು, ನಾಚಿಕೆಯಾಯಿತು. ಉಗಿದೆ.

ಗೋದಾಮಿನ ಬಾಗಿಲು ಮುಚ್ಚಿ
ಕೆಂಪು ದೀಪ ಹಚ್ಚಿದಳು.
ಹಾಳೆ ಖಾಲಿ.
ಒಂದು ಹನಿಯೂ ಇಲ್ಲ, ಈಗಷ್ಟೇ ರೀಮಿನಿಂದ ತೆಗೆದ ಹಾಗೆ.
"ನಡೆಯೋದಕ್ಕೆ ಕೆಂಪು ಸರಿ.
ಆದರೆ ಎಲ್ಲಿಂದ ಸುರೀತಿದೆ ಅಂತ ಹುಡುಕುವಾಗ
ಇದು ಏನೂ ಆಗಿಲ್ಲ ಅನ್ನುತ್ತೆ.
ಒಮ್ಮೆ ನಂಬಿದ್ದೆ."
ಯಾರ ಮೈಮೇಲೆ ನಂಬಿದಳು, ನಾನು ಕೇಳಲಿಲ್ಲ.

ಕೊನೆಗೆ ಆರಿಸಿದ್ದು
ಧೂಳು ಹಿಡಿದ ಕೆಳಗಿನ ಹಲಗೆಯಿಂದ,
ಗದ್ದೆಯಲ್ಲಿ ಕಪ್ಪೆ ಹಿಡಿಯುವವರು ಕೊಳ್ಳುವ ದೀಪ.
ಎಡಕ್ಕೆ ತಿರುಗಿಸಿದರೆ ಕೆಂಪು,
ಬಲಕ್ಕೆ, ಸೊನ್ನೆಯಿಂದ ಮೆಲ್ಲಗೆ ಏಳುವ ಬಿಳಿ.
ಹಾಲು ಉಕ್ಕುವ ಮೊದಲಿನ ಬಿಳಿ.
ಹಾಳೆ ಮೇಲೆ ನನ್ನ ಉಗುಳು ಎದ್ದು ಬಂತು, ಕೆಂಪಗೆ, ಒದ್ದೆಯಾಗಿ.
"ನಾಲ್ಕು ಕೊಡಿ" ಅಂದಳು.
ಹಸಿರು ಚುಕ್ಕೆಯೊಂದು ಪಕ್ಕದಲ್ಲಿ ಉರಿಯುತ್ತಿತ್ತು,
ಸೆಲ್ಲು ಎಷ್ಟಿದೆ ಅಂತ ಹೇಳುವುದು. ಅದರ ಕಣ್ಣಿಗೆ
ಕಪ್ಪು ಟೇಪು ಕೇಳಿದಳು, ಪುಕ್ಕಟೆ.

ಇಷ್ಟು ದಿನ ಏನು ಮಾಡುತ್ತಿದ್ದೆ?
ಚೀಲದಿಂದ ಒಂದು ಪುಟ್ಟ ಟಾರ್ಚು ತೆಗೆದಳು.
ಹಿಡಿಯ ರಬ್ಬರಿನ ಮೇಲೆ ಎರಡು ಸಾಲು ಗುಳಿ.
"ಒಂದು ಮಂಡಿ ತೊಡೆಯ ಸಂದಿಗೆ, ಎರಡೂ ಕೈ ಗಾಯಕ್ಕೆ,
ಬೆಳಕು ಹಲ್ಲಿಗೆ."
ಅಷ್ಟೇ ತಾನೆ, ನಡೀತಿತ್ತಲ್ಲ, ಅಂದೆ. ಮೂರ್ಖ ನಾನು.
"ಕೈಗೋಸ್ಕರ ಅಲ್ಲ, ಊ ಬಾ ಯಿನ್.
ಸಾ ಎ ವಾ ಅಂತ ಹುಡುಗ. ಕೇಳುತ್ತಲೇ ಇದ್ದ,
ನಾನು ಬದುಕುತ್ತೀನಾ, ಬದುಕುತ್ತೀನಾ ಅಂತ.
ನನ್ನ ಬಾಯಲ್ಲಿ ಟಾರ್ಚಿತ್ತು."

ದುಡ್ಡು ಎಣಿಸಿದಳು. ಇಪ್ಪತ್ತು ಭಾತ್ ಕಮ್ಮಿ ಕೊಟ್ಟಳು,
ಜಗಳವಾಡಿಯೇ ಕೊಟ್ಟಳು.
ಹಳೆಯದನ್ನು ಮೇಜಿನ ಮೇಲೇ ಬಿಟ್ಟು ಹೋದಳು.

ಆ ರಾತ್ರಿ ಕರೆಂಟು ಹೋಯಿತು.
ಎರಡೂ ಕೈಯಲ್ಲಿ ಗಲ್ಲಾಪೆಟ್ಟಿಗೆ,
ಮೆಟ್ಟಿಲು ಹತ್ತಬೇಕು.
ಆ ಟಾರ್ಚನ್ನೇ ಕಚ್ಚಿಕೊಂಡೆ.
ಕೆಳಗಿನ ಸಾಲು ಹೇಗೋ ಕೂತಿತು,
ಮೇಲಿನದು ಇಲ್ಲ.
ಮಹಡಿಯಿಂದ ಹೆಂಡತಿ ಕೂಗಿದಳು, ಯಾರದು?
ನಾನೇ ಅನ್ನಲು ಹೋದೆ,
ಎಂಜಲು ಸುರಿಯಿತು.